ಹುಡುಗನ ಹಳೇ ಕೇಸಿನ ವಿಷಯ ಯಾರು ಹೇಳಬೇಕು?

ವೀಕ್ಷಣಾಲಯದಿಂದ, ಅಂದರೆ ಕೇಸಿನಲ್ಲಿ ಸಿಕ್ಕಿದ 18 ವರ್ಷದೊಳಗಿನವರನ್ನು ವಿಚಾರಣೆ ಹೊತ್ತಿನಲ್ಲಿ ಇಡುವ ಜಾಗದಿಂದ, ಮನೆಗೆ ವಾಪಸ್ ಬಂದ ಹುಡುಗರ ಜೊತೆ ದಾವಣಗೆರೆಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಬುದ್ಧಿ ಹೇಳುವುದು ತುಂಬಾ ಕಡಿಮೆ. ಅದನ್ನು ಪೊಲೀಸರು, ಅಜ್ಜಿ, ಓಣಿಯವರು ಎಲ್ಲರೂ ಆಗಲೇ ಹೇಳಿ ಮುಗಿಸಿರುತ್ತಾರೆ. ನಾನು ಜಾಸ್ತಿ ಓಡಾಡುವುದು ಟಿಸಿಗೆ, ಆಧಾರ್‌ಗೆ, ಎಲ್ಲಾದರೂ ಒಂದು ಕೆಲಸಕ್ಕೆ.

ಶುರುವಿನಲ್ಲಿ ದೊಡ್ಡ ತಪ್ಪು ಮಾಡಿದೆ. ಮೊಬೈಲ್ ಕಳ್ಳತನದ ಕೇಸಿನಲ್ಲಿದ್ದ 17 ವರ್ಷದ ಹುಡುಗನನ್ನು ಬಟ್ಟೆ ಅಂಗಡಿಯೊಂದಕ್ಕೆ ಸೇರಿಸುವಾಗ, ಮುಚ್ಚಿಟ್ಟರೆ ಮುಂದೆ ತೊಂದರೆ ಅಂತ, ಮಾಲೀಕರನ್ನು ಪಕ್ಕಕ್ಕೆ ಕರೆದು ಎಲ್ಲಾ ಹೇಳಿಬಿಟ್ಟೆ. ಮೂರನೇ ವಾರ ಗಲ್ಲಾದಲ್ಲಿ 500 ರೂಪಾಯಿ ಕಮ್ಮಿ ಬಂತು. ಅಂಗಡಿಯಲ್ಲಿ ಆರು ಜನ ಇದ್ದರು. ಜೇಬು ನೋಡಿದ್ದು ಇವನೊಬ್ಬನದೇ. ಸಂಜೆ ಹೊತ್ತಿಗೆ ಲೆಕ್ಕದ ತಪ್ಪು ಅಂತ ಗೊತ್ತಾಯಿತು, ಆದರೆ ಹುಡುಗ ಮರುದಿನ ಕೆಲಸಕ್ಕೆ ಹೋಗಲಿಲ್ಲ. "ಅಕ್ಕಾ, ಅವರಿಗೆ ನೀವೇ ಹೇಳಿದ್ದಲ್ವಾ?" ಅಂತ ಕೇಳಿದ. ಹೌದು ಅಂದೆ. ಬೇರೆ ಏನು ಹೇಳಲಿ?

ಆಮೇಲೆ 2015ರ ಬಾಲನ್ಯಾಯ ಕಾಯ್ದೆಯನ್ನು ಕೂತು ಸರಿಯಾಗಿ ಓದಿದೆ. ಕೇಸು ಮುಗಿದಿದ್ದರೆ ನಡತೆ ಪ್ರಮಾಣಪತ್ರಕ್ಕೂ ಪೊಲೀಸರು ಹಳೇ ದಾಖಲೆ ಹೊರಗೆ ಬಿಡುವಂತಿಲ್ಲ ಅನ್ನುತ್ತದೆ ಸೆಕ್ಷನ್ 74. ಆ ಕೇಸಿನಿಂದ ಹುಡುಗನಿಗೆ ಯಾವ ಅನರ್ಹತೆಯೂ ಅಂಟಬಾರದು ಅನ್ನುವುದು ಸೆಕ್ಷನ್ 24. ದೊಡ್ಡವರಂತೆ ವಿಚಾರಣೆ ಎದುರಿಸಿದ, 16 ದಾಟಿದವರಿಗೆ ಮಾತ್ರ ಬೇರೆ ನಿಯಮ. ಪೊಲೀಸರೇ ಹೇಳಬಾರದ್ದನ್ನು ನಾನು ಅಂಗಡಿಯಲ್ಲಿ ನಿಂತು ಹೇಳಿದ್ದೆ.

ಈಗ ನಾನು ಹೇಳುವುದಿಲ್ಲ. ಹೇಳಬೇಕೋ ಬೇಡವೋ, ಯಾವಾಗ ಹೇಳಬೇಕು ಅನ್ನುವುದು ಹುಡುಗನಿಗೇ ಬಿಟ್ಟಿದ್ದು. ಆದರೆ "ಇಷ್ಟು ದಿನ ಎಲ್ಲಿದ್ದೆ?" ಅಂತ ಮಾಲೀಕರು ಕೇಳಿಯೇ ಕೇಳುತ್ತಾರಲ್ಲ, ಅದಕ್ಕೆ ತಯಾರಿ ಬೇಕು. ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ ಕೂತು, ಮೆಣಸಿನಕಾಯಿ ಬಜ್ಜಿ ತಿನ್ನುತ್ತಾ, ಹತ್ತು ಸಲ ಹೇಳಿಸುತ್ತೇನೆ. "ಮನೇಲಿ ತೊಂದ್ರೆ ಇತ್ತು ಸಾರ್, ಓದು ನಿಂತಿತ್ತು, ಈಗ ಕೆಲಸ ಕಲೀಬೇಕು." ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಸುಳ್ಳು ಕಲಿಸಿದರೆ ಅವನು ಅದನ್ನು ದಿನಾ ಕಾಯಬೇಕಾಗುತ್ತದೆ. ಮೊದಲ ಸಲ ತಲೆ ತಗ್ಗಿಸಿ ಗೊಣಗುತ್ತಾರೆ, ಏಳನೇ ಸಲದ ಹೊತ್ತಿಗೆ ಕಣ್ಣು ಮೇಲೆ ಬರುತ್ತದೆ. ಅವರಮ್ಮನಿಗೂ ಇದೇ ಮಾತು ಹೇಳಿಕೊಡುತ್ತೇನೆ, ಯಾಕಂದ್ರೆ ನಲ್ಲಿ ಹತ್ತಿರ ಓಣಿಯವರ ಪ್ರಶ್ನೆಗೆ ಮೊದಲು ಸಿಕ್ಕಿಬೀಳುವುದು ಅವರೇ.

ಸೈಕಲ್ ಅಂಗಡಿಗೆ ಸೇರಿದ ಒಬ್ಬ ನಾಲ್ಕು ತಿಂಗಳಾದ ಮೇಲೆ ತಾನೇ ಹೇಳಿಕೊಂಡ. ಮಾಲೀಕರು ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಎಂದಿನಂತೆ ಗಾಲಿ ಕೊಟ್ಟು ಬೆಂಡ್ ತೆಗೆಯಲು ಹೇಳಿದರಂತೆ. ಫ್ಲೆಕ್ಸ್ ಪ್ರಿಂಟಿಂಗ್‌ನಲ್ಲಿರುವ ಇನ್ನೊಬ್ಬ ಎರಡು ವರ್ಷವಾದರೂ ಹೇಳಿಲ್ಲ. ಅವನ ಅಂಗಡಿ ಮುಂದೆ ನಾನು ಹೋಗುವುದಿಲ್ಲ, ನನ್ನ ನೋಡಿದರೆ "ಯಾರೋ ಇವರು?" ಅನ್ನುವ ಪ್ರಶ್ನೆ ಬರುತ್ತದೆ. ಭಾನುವಾರ ಅದೇ ಮಂಡಕ್ಕಿ ಅಂಗಡಿಯಲ್ಲಿ ಸಿಗುತ್ತಾನೆ. ಈಗ ದುಡ್ಡು ಅವನೇ ಕೊಡುತ್ತಾನೆ.