ಕೊಳೆ ಮದ್ದು: ಡ್ರಮ್ಮಿನಿಂದ ಅಡಿಕೆ ಕೊನೆಯವರೆಗೆ

ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ಕೊಳೆರೋಗದ ಪರಿಚಯವನ್ನು ಶಿರಸಿ ಕಡೆಯ ಅಡಿಕೆ ತೋಟದವರಿಗೆ ಮಾಡಿಕೊಡಬೇಕಾಗಿಲ್ಲ. ಆದರೆ 'ಮದ್ದು ಹೊಡೆಸಿದ್ರೂ ಕೊಳೆ ಬಂತು' ಅನ್ನುವವರು ಪ್ರತಿ ಆಷಾಢದಲ್ಲೂ ಸಿಗುತ್ತಾರೆ. ನಾನು ಮೊದಲು ಕೇಳುವುದು, ಮದ್ದು ಕಲಸಿದ್ದು ಹೇಗೆ ಅಂತ.

ನಮ್ಮಲ್ಲಿ ಹೊಡೆಯುವ ಮದ್ದು ಶೇ. 1ರ ಬೋರ್ಡೋ ದ್ರಾವಣ. 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತನ್ನು ಬಟ್ಟೆಯಲ್ಲಿ ಕಟ್ಟಿ, 50 ಲೀಟರ್ ನೀರಿರುವ ಪ್ಲಾಸ್ಟಿಕ್ ಡ್ರಮ್ಮಿಗೆ ರಾತ್ರಿಯೇ ಇಳಿಬಿಡುತ್ತೇನೆ. ಕಬ್ಬಿಣದ ಡ್ರಮ್ ಬೇಡ, ತಾಮ್ರವೆಲ್ಲ ಅದಕ್ಕೇ ಹಿಡಿಯುತ್ತದೆ. ಸುಣ್ಣ ಅರಳಿಸಿ, ಉಳಿದ 50 ಲೀಟರಿಗೆ ಕಲಸಿ ಸೋಸಬೇಕು. ಇಲ್ಲದಿದ್ದರೆ ನಾಜಲ್ ಕಟ್ಟುತ್ತದೆ, ಮರದ ಮೇಲಿದ್ದವರ ಬೈಗುಳ ನಮಗೆ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುವಾಗ ಒಬ್ಬರು ತಿರುಗಿಸುತ್ತಲೇ ಇರಬೇಕು.

ಆಮೇಲೆ ಚಾಕು. ಮಸೆದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ತುಕ್ಕಿನಂಥ ಕೆಂಪು ಕೂತಿದ್ದರೆ ಹುಳಿ ಉಳಿದಿದೆ ಅಂತ ಅರ್ಥ. ಎಳೆ ಕಾಯಿ, ಹಿಂಗಾರ ಸುಡುತ್ತದೆ. ಚಾಕು ಬೆಳ್ಳಗೇ ಬರುವ ತನಕ ಸುಣ್ಣದ ನೀರು ಸೇರಿಸುತ್ತೇನೆ. ಒಂದೊಂದು ಚೀಲದ ಸುಣ್ಣ ಒಂದೊಂದು ತರ, ಹಾಗಾಗಿ ತಕ್ಕಡಿಗಿಂತ ಚಾಕುವನ್ನೇ ನಂಬುವುದು. ಕಲಸಿದ್ದು ಅವತ್ತೇ ಮುಗಿಯಬೇಕು, ನಾಳೆಗಿಟ್ಟರೆ ಕಾಯಿಗೆ ಅಂಟುವುದಿಲ್ಲ.

ಮೊದಲ ಮದ್ದು ಮಳೆ ಹಿಡಿಯುವ ಮುಂಚೆ. ಎರಡನೆಯದು 40-45 ದಿನ ಬಿಟ್ಟು, ಹೊಳವು (ಮಳೆಯ ಬಿಡುವು) ನೋಡಿಕೊಂಡು. ಹೊಳವಾಯಿತು ಅಂತ ನಾನು ಅವಸರ ಮಾಡಿದರೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಕೊನೆ (ಅಡಿಕೆ ಗೊನೆ) ಮುಟ್ಟಿ ನೋಡಿ, "ಹೆಗಡೇರೇ, ಇನ್ನೂ ಒದ್ದೆ ಅದೆ" ಅನ್ನುತ್ತಾನೆ. ಅವನು ಹೇಳುವುದೇ ಸರಿ. ಒದ್ದೆ ಕಾಯಿಯ ಮೇಲೆ ಮದ್ದು ನಿಲ್ಲದೆ ಜಾರುತ್ತದೆ. ಕೊಳೆಯ ಬೀಜಕಣ ನೀರಿನ ತೆಳು ಪದರದಲ್ಲೇ ಈಜಿ ಕಾಯಿ ಸೇರುವುದು. ತಾಮ್ರ ಅದನ್ನು ಹೊರಗೇ ಕೊಲ್ಲಬೇಕು, ಒಳಗೆ ಹೊಕ್ಕ ಮೇಲೆ ಬೋರ್ಡೋದಿಂದ ಏನೂ ಆಗುವುದಿಲ್ಲ. ಕೊನೆಯ ಹೊರಮೈ ನೀಲಿಯಾದರೆ ಸಾಲದು. ತೊಟ್ಟಿನ ಸಂದಿಗೂ ಮದ್ದು ಹೋಗಬೇಕು, ಕೊಳೆ ಹಿಡಿಯುವುದೇ ಅಲ್ಲಿ.

ಉದುರಿದ ಕೊಳೆ ಅಡಿಕೆ ಹೆಕ್ಕಿಸುವುದು, ಬಸಿಗಾಲುವೆ ಬಿಡಿಸುವುದು, ಒಣಗಿ ನೇತಾಡುವ ಹಳೇ ಕೊನೆ ಇಳಿಸುವುದು ಇದ್ದದ್ದೇ.

ಕೊಟ್ಟೆ ಕಟ್ಟುವುದು, ಅಂದರೆ ಮಳೆನೀರು ತಾಗದಂತೆ ಗೊನೆಗೆ ಹೊದಿಕೆ ಹಾಕುವುದು, ಇನ್ನೂ ಭದ್ರ, ಆದರೆ ಆ ಕೂಲಿ ಯಾರಿಗೆ ಪೂರೈಸುತ್ತದೆ? ಕೊನೆಗೌಡರೂ ಬೇಕಾದಾಗ ಸಿಗುವುದಿಲ್ಲ. ಒಂದೇ ದಿನಕ್ಕೆ ಸಿಕ್ಕಿದರೆ ಹಳ್ಳದ ಬದಿಯ, ನೆರಳು ಜಾಸ್ತಿ ಇರುವ ಮರಗಳಿಂದ ಶುರು ಮಾಡಿಸುತ್ತೇನೆ. ನಮ್ಮ ತೋಟದಲ್ಲಿ ಕೊಳೆ ಮೊದಲು ಕಾಣುವುದು ಅಲ್ಲೇ.