ಚಹಾ ಕುಡುದ ಮ್ಯಾಲ ಗುಟ್ಕಾ ಬೇಕೇ ಬೇಕು ಅನ್ನೋರಿಗಿ
ಅಣ್ಣಾರ, ಸೂಪರ್ ಮಾರ್ಕೆಟ್‌ನಾಗ ಚಹಾ ಕುಡುದ ಕೂಡ್ಲೇ ನನ್ ಕೈ ತಾನೇ ಗುಟ್ಕಾ ಪ್ಯಾಕೆಟ್‌ಗಿ ಹೋಗ್ತಿತ್ತು, ಬಾಯಿಗಿ ಹಾಕ್ಕೊಂಡ ಮ್ಯಾಲೇ ಗೊತ್ತಾಗ್ತಿತ್ತು. ಒಂದೇ ಜಾಗದಾಗ, ಒಂದೇ ಟೈಮಿಗಿ ಅದೇ ಕೆಲ್ಸ ಮಾಡ್ಕೋತ ಹೋದ್ರ ಮೆದುಳಿನ ಒಳಗಿರೋ ಬೇಸಲ್ ಗ್ಯಾಂಗ್ಲಿಯಾ ಅನ್ನೋ ಭಾಗ ಅದನ್ನ ಹಿಡ್ಕೊಂಡುಬಿಡ್ತದ, ಆಮ್ಯಾಲ ವಿಚಾರ ಮಾಡೋದೇ ಇರಲ್ಲ. ಅದಕ್ಕ ಬರೀ ಬಿಡ್ತೀನಿ ಅಂತ ಆಣಿ ಮಾಡಿದ್ರ ಸಾಲಲ್ರಿ, ಆ ಹೊತ್ತಿಗಿ ಕೈಗಿ ಬ್ಯಾರೆ ಕೆಲ್ಸ ಕೊಡ್ಬೇಕು, ನಾ ಕಿಸೇದಾಗ ಬಡೆಸೋಪ್ ಇಟ್ಕೊಂಡೆ, ಚಹಾದ ಅಂಗಡಿನೂ ಬದಲ್ ಮಾಡ್ದೆ. 21 ದಿನಕ್ಕ ಹೊಸ ರೂಢಿ ಕೂಡ್ತದ ಅಂತ ಮಂದಿ ಅನ್ನೋದು ನಂಬಬ್ಯಾಡ್ರಿ, ಯೂನಿವರ್ಸಿಟಿ ಕಾಲೇಜ್ ಲಂಡನ್‌ನವ್ರು ನೋಡ್ದಾಗ ಹೊಸ ರೂಢಿ ಕೂಡ್ಲಾಕ ಸರಾಸರಿ 66 ದಿನ ಹಿಡದದ, ಒಬ್ಬೊಬ್ಬರಿಗಿ ಒಂದೊಂದು ಥರ, ಅಂದಾಜು 18ರಿಂದ 254 ದಿನದ ತನಕ. ನಡುವ ಒಂದಿನ ತಪ್ಪಿದ್ರ ಕೈ ಬಿಡಬ್ಯಾಡ್ರಿ, ಮರುದಿನ ಮತ್ತ ಬಡೆಸೋಪೇ ಹಾಕ್ಕೋರಿ.