ಬೇರಿನ ಬಿಳಿ ಹಿಟ್ಟಿಗೆ ಬಚ್ಚಲ ಹಂಡೆಯ ನೀರು

ಹೋದ ವರ್ಷ ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಮಳೆಯಲ್ಲಿ ಕುಂಡಗಳನ್ನು ಬಿಸಿನೀರಿನಲ್ಲಿ ಅದ್ದುವ ಈ ಕೆಲಸ ಶುರು ಮಾಡಿದೆ. ವರ್ಷ ತುಂಬಿತು. ನನ್ನ ಆಫ್ರಿಕನ್ ವಯೊಲೆಟ್ ಹೂಗಿಡಗಳ ಕುಂಡಗಳಲ್ಲಿ ಈಗ ಬೇರು ಹಿಟ್ಟು ತಿಗಣೆ, ಅಂದರೆ ಬೇರಿನ ರಸ ಹೀರುವ ಸಣ್ಣ ಬಿಳಿ ಹುಳ, ಇಲ್ಲ. ಆಗ ನಕ್ಕವರೇ ಈಗ ಫೋನ್ ಮಾಡಿ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನಗೂ ಗೊತ್ತಾಗಲಿಲ್ಲ. ಮಣ್ಣು ಒದ್ದೆ ಇದ್ದರೂ ಎಲೆ ಬಾಡುತ್ತಿತ್ತು. ಮಡಿಕೇರಿ ಮಳೆ ಅಲ್ವಾ, ಬೇರು ಕೊಳೆತಿದೆ ಅಂದುಕೊಂಡು ನೀರು ನಿಲ್ಲಿಸಿದೆ. ಇನ್ನೂ ಹಾಳಾಯಿತು. ಒಂದು ದಿನ ಕುಂಡ ಕವುಚಿ ತಟ್ಟಿದರೆ ಒಳಗೋಡೆಯ ಮೇಲೆಲ್ಲ ಹತ್ತಿ ಒರೆಸಿದ ಹಾಗೆ ಬಿಳಿ. ಕುಂಡದ ಮಣ್ಣಿಗೆ ಬೆರೆಸುವ ಹಗುರ ಬಿಳಿ ಕಾಳು ಪರ್ಲೈಟ್ ಇರಬೇಕು ಅಂತ ಉಗುರಲ್ಲಿ ಒತ್ತಿದೆ. ಪರ್ಲೈಟ್ ಆದರೆ ಪುಡಿಯಾಗುತ್ತೆ. ಇದು ಪಿಚಕ್ಕನೆ ಒಡೆದು ಬೆರಳಿಗೆ ಅಂಟಿತು. ಭೂತಗನ್ನಡಿ ಹಿಡಿದರೆ ರವೆ ಕಾಳಿನಷ್ಟು ಹುಳ, ನಿಧಾನಕ್ಕೆ ನಡೆಯುತ್ತಿದೆ!

ತಪ್ಪು ನನ್ನದೇ. ಮೆಣಸಿನ ಬಳ್ಳಿ ಬುಡದ ಮಣ್ಣು ಜರಡಿ ಹಿಡಿದು ಕುಂಡಕ್ಕೆ ಹಾಕಿದ್ದೆ. ಅಲ್ಲಿನ ಬೇರಲ್ಲೂ ಇಂಥದ್ದೇ ಹುಳದ ಕಾಟ ಇದೆ ಅಂತ ಗೊತ್ತಿದ್ದೂ ಹಾಕಿದ್ದೆ.

ಬೇವಿನೆಣ್ಣೆ ಸುರಿದೆ. ಹುಳದ ಮೈಮೇಲೆ ಮೇಣ, ನೀರು ತಾಗುವುದೇ ಇಲ್ಲ. ತಂಬಾಕಿನ ಕಷಾಯ ಹಾಕಿದೆ, ಮನೆಯೆಲ್ಲ ವಾಸನೆ. ಸೋಪಿನ ನೀರಿಗೆ ಹತ್ತು ಗಿಡ ಹೋದವು. ಬೇರು ತೊಳೆದು ಹೊಸ ಕೊಕೊಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ನೆಟ್ಟರೆ ಎರಡು ತಿಂಗಳಿಗೆ ಮತ್ತೆ ಬಿಳಿ. ಮೆಣಸಿಗೆ ಹಾಕುವ ಕೀಟನಾಶಕ ಕ್ಲೋರ್‌ಪೈರಿಫಾಸ್ ಹಾಕು ಅಂದರು ಭಾವ. ಮಕ್ಕಳು ಓಡಾಡುವ ಮನೆಯೊಳಗೆ ಅದು ಬೇಡವೇ ಬೇಡ. ಅಷ್ಟರಲ್ಲಿ ಸುಮಾರು ಆರೇಳು ಸಾವಿರ ರೂಪಾಯಿ, ಮೂವತ್ತೈದು ಗಿಡ ಹೋಗಿದ್ದವು.

ಕೊನೆಗೆ ಬಿಸಿನೀರು. "ಬೇರು ಬೆಂದು ಹೋಗುತ್ತೆ, ಸುಮ್ನಿರಮ್ಮ" ಅಂದರು ಭಾವ. ಮೊದಲ ಸಲ ನಾನೂ ಸೋತೆ. ಕೈಗೆ ತಡೆಯುವಷ್ಟು ಬಿಸಿಯಲ್ಲಿ ಹತ್ತು ನಿಮಿಷ ಇಟ್ಟೆ, ಹುಳ ಉಳಿಯಿತು. ಆಮೇಲೆ 350 ರೂಪಾಯಿಯ ಥರ್ಮಾಮೀಟರ್ ತಂದು ಬೇರುಮುದ್ದೆಯ ನಡುವಿಗೇ ಚುಚ್ಚಿ ನೋಡಿದೆ. ಹೊರಗೆ ನೀರು 49 ಡಿಗ್ರಿ, ಒಳಗೆ ಇನ್ನೂ 38! ಹುಳ ಆ ತಣ್ಣಗಿನ ಜಾಗದಲ್ಲಿ ಬದುಕಿಕೊಂಡಿತ್ತು.

ಈಗ ನೀರನ್ನು 49ರಲ್ಲೇ ಇಡುತ್ತೇನೆ. ಇಳಿದರೆ ಹಂಡೆಯಿಂದ ಒಂದೊಂದು ಚೊಂಬು ಸೇರಿಸುತ್ತೇನೆ. ಸೌದೆ ಉರಿ ಸಣ್ಣಗಿದ್ದರೆ ಗ್ಯಾಸಿಗಿಂತ ಸಲೀಸು. ಕುಂಡವನ್ನು ಅಂಚಿನವರೆಗೆ ಮಾತ್ರ ಮುಳುಗಿಸಿ, ಎಲೆ ಮೇಲಿರಲಿ. ನಡುವಿನ ಬಿಸಿ 46 ಮುಟ್ಟುವವರೆಗೆ ತೆಗೆಯಬೇಡಿ. ನಾಲ್ಕು ಇಂಚಿನ ಕುಂಡಕ್ಕೆ ನನಗೆ ಕಾಲು ಗಂಟೆ ಹಿಡಿಯಿತು, ದೊಡ್ಡದಕ್ಕೆ ಅರ್ಧ ಗಂಟೆಯ ಹತ್ತಿರ. ಮುಟ್ಟಿದ ತಕ್ಷಣ ತಣ್ಣೀರು ಸುರಿದು ನೆರಳಿಗೆ. ಒಮ್ಮೆ 53ಕ್ಕೆ ಏರಿದ್ದು ನೋಡಲಿಲ್ಲ, ಒಳ್ಳೆಯ ಆಂಥೂರಿಯಂ ಒಂದು ಹೋಯಿತು. ಮೂರು ವಾರ ಬಿಟ್ಟು ಇನ್ನೊಂದು ಸಲ. ಕುಂಡದಡಿಯ ತಟ್ಟೆಗಳನ್ನು ಕುದಿಯುವ ನೀರಲ್ಲೇ ತೊಳೆಯಿರಿ, ಅಲ್ಲೂ ಮರಿ ಅಡಗಿರುತ್ತೆ. ತಣ್ಣೀರಿಗೆ ನಾನು ಒಂದು ಸೊಪ್ಪಿನ ರಸ ಬೆರೆಸುತ್ತೇನೆ, ಗಿಡ ಬೇಗ ಚೇತರಿಸಿಕೊಳ್ಳುತ್ತೆ. ಯಾವ ಸೊಪ್ಪು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇದರ ಮಧ್ಯೆ ಕುಂಡದ ಸಣ್ಣ ಕಪ್ಪು ನೊಣಕ್ಕೂ ಒಂದು ಪ್ರಯೋಗ ಮಾಡಿದೆ. ಹಸಿ ಆಲೂಗಡ್ಡೆ ಬಿಲ್ಲೆ ಮಣ್ಣಿನ ಮೇಲಿಟ್ಟರೆ ಎರಡು ದಿನದಲ್ಲಿ ಅಡಿಯಲ್ಲಿ ಮರಿಹುಳಗಳು ಸೇರುತ್ತವೆ. ಎತ್ತಿ ಎಸೆದರಾಯಿತು. ಆದರೆ ಬೇರಲ್ಲಿ ಗಂಟು ಕಂಡರೆ ಅದು ಹಿಟ್ಟು ತಿಗಣೆಯೂ ಅಲ್ಲ, ನೊಣವೂ ಅಲ್ಲ, ಬೇರಿಗೆ ಬೀಳುವ ಜಂತುಹುಳ (ನೆಮಟೋಡ್). ಅಂಥ ಗಿಡ ನಾನು ಇಟ್ಟುಕೊಳ್ಳುವುದಿಲ್ಲ, ಮಣ್ಣಿನ ಸಮೇತ ಒಲೆಗೆ.

ತೊಂಬತ್ತು ಕುಂಡ ಅದ್ದಿದ್ದೇನೆ, ಹೋದದ್ದು ಆರೋ ಏಳೋ. ಹೋದ ತಿಂಗಳು ಭಾವನೇ ಎರಡು ಆಂಥೂರಿಯಂ ಹೊತ್ತು ತಂದರು. ಹೊಸ ಗಿಡ ಯಾವುದೇ ಬರಲಿ, ಹಿಂದಿನ ಶೆಡ್ಡಿನಲ್ಲಿ ಆರು ವಾರ ಬೇರೆ ಇಡುತ್ತೇನೆ. ಶುಕ್ರವಾರ ಸಂತೆಯಿಂದ ತಂದ ಬಿಗೋನಿಯಾ ಈಗ ಅಲ್ಲೇ ಇದೆ. ನಿನ್ನೆ ಕವುಚಿ ನೋಡಿದೆ, ಬೇರು ಸ್ವಚ್ಛ.